ಹಳೆ ಓಮ್ನಿಯೋ, ಹೊಸ ವ್ಯಾಗನ್ ಆರೋ?

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಮೀಂಜದ ರಕ್ಷಕರಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಶುರು. ಇಂಗ್ಲಿಷ್ ಮೀಡಿಯಂನ ಬಸ್ಸು ಮನೆ ಹತ್ತಿರಕ್ಕೇ ಬರುತ್ತದೆ, ಕನ್ನಡ ಶಾಲೆಗೆ ಮಕ್ಕಳನ್ನು ಮುಟ್ಟಿಸುವುದು ಹೆಚ್ಚಾಗಿ ಮನೆಯವರದೇ ಕೆಲಸ. ಹಾಗಾಗಿ "ಮಾಷ್ಟ್ರೇ, ಯಾವುದು ತೆಗೆಯುವುದು?" ಎಂದು ನಮ್ಮನ್ನೂ ಕೇಳುತ್ತಾರೆ. ಈ ಸಲ ಆಯ್ಕೆಗಿರುವುದು ಎರಡು: ಪುತ್ತೂರಿನ ಕೆಎ-21 ನಂಬರಿನ 2007ರ ಓಮ್ನಿ, ನಮ್ಮದೇ ಕೆಎಲ್-14ರ 2020ರ ವ್ಯಾಗನ್ ಆರ್.

ಓಮ್ನಿ ಪರವಾಗಿ ಹೇಳುವವರ ಮಾತಿನಲ್ಲಿ ಸತ್ಯ ಉಂಟು. ಅದರ ಇಂಜಿನ್ ಮುಂದಿನ ಸೀಟಿನಡಿ, ಎಳೆಯುವುದು ಹಿಂದಿನ ಚಕ್ರ. ಜನ ತುಂಬಿ ಚಡಾವು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಚಕ್ರ ನೆಲ ಕಚ್ಚುತ್ತದೆ. ವ್ಯಾಗನ್ ಆರ್‌ನಲ್ಲಿ ಎಳೆಯುವುದು ಮುಂದಿನ ಚಕ್ರ. ಡಾಮರಿನಲ್ಲಿ ಮಳೆ ಬಂದರೂ ತೊಂದರೆಯಿಲ್ಲ, ಇಂಜಿನ್ನಿನ ಭಾರ ಆ ಚಕ್ರದ ಮೇಲೆಯೇ ಇದೆ. ಆದರೆ ಮನೆಯಂಗಳಕ್ಕೆ ಹೋಗುವ ಮುರಕಲ್ಲಿನ ಏರಿನಲ್ಲಿ, ಅದೂ ಐದು ಜನ ಕೂತಾಗ, ಮುಂದಿನ ಚಕ್ರ ಸುಮ್ಮನೆ ತಿರುಗುವುದುಂಟು. ಆ ಅರ್ಧ ಫರ್ಲಾಂಗಿಗೆ ಎರಡು ಗೆರೆ ಕಾಂಕ್ರೀಟು ಹಾಕಿಸಿದರೆ ಸಾಕು ಮಾರಾಯ್ರೇ, ಅದಕ್ಕಾಗಿ ಹಳೆ ಗಾಡಿ ಯಾಕೆ?

ಇನ್ನು ಕಾಗದಪತ್ರ. ಗಡಿಯಾಚೆ ಕ್ರಯ ಕಡಿಮೆ ಎಂದು ಓಡುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕರ್ನಾಟಕದಿಂದ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಗಾಡಿ ಇಲ್ಲೇ ಇರುವುದಾದರೆ 12 ತಿಂಗಳೊಳಗೆ ಕೇರಳದ ನಂಬರು ಮಾಡಿಸಬೇಕು. 2007ರ ಗಾಡಿಗೆ 15 ವರ್ಷ ತುಂಬಿದ್ದು 2022ರಲ್ಲಿ. ಆಗ ಆರ್‌ಸಿ ನವೀಕರಿಸಿದ್ದರೂ ಅದರ ಆಯಸ್ಸು 5 ವರ್ಷ ಮಾತ್ರ, ಮತ್ತೆ ಫಿಟ್‌ನೆಸ್, ಮತ್ತೆ ಶುಲ್ಕ. ಅದು 2022ರ ಏಪ್ರಿಲಿನಲ್ಲೇ 600ರಿಂದ 5000 ರೂಪಾಯಿಗೆ ಏರಿದೆ. ಮೇಲಿಂದ ಹಸಿರು ತೆರಿಗೆ.

ಆದರೆ ನಾವು ಓಮ್ನಿ ಬೇಡ ಎನ್ನುವುದು ದುಡ್ಡಿಗಾಗಿ ಅಲ್ಲ. ಅದರಲ್ಲಿ ಚಾಲಕನ ಮೊಣಕಾಲಿನ ಮುಂದೆ ಇರುವುದು ತೆಳು ತಗಡು. 2019ರಲ್ಲಿ ಹೊಸ ಸುರಕ್ಷತಾ ನಿಯಮಗಳು ಬಂದಾಗ ಮಾರುತಿಯವರೇ ಅದರ ತಯಾರಿಕೆ ನಿಲ್ಲಿಸಿದರು. 2020ರ ವ್ಯಾಗನ್ ಆರ್‌ನಲ್ಲಿ ಎಬಿಎಸ್ ಉಂಟು, ಕನಿಷ್ಠ ಚಾಲಕನಿಗೊಂದು ಏರ್‌ಬ್ಯಾಗ್ ಉಂಟು. ಅದೇನು ಉಕ್ಕಿನ ಕೋಟೆಯಲ್ಲ, ಗ್ಲೋಬಲ್ ಎನ್‌ಕ್ಯಾಪ್ 2019ರಲ್ಲಿ ಕೊಟ್ಟದ್ದು ಐದರಲ್ಲಿ ಎರಡೇ ನಕ್ಷತ್ರ. ಆದರೂ ಓಮ್ನಿಗಿಂತ ಎಷ್ಟೋ ಮೇಲು.

"ಓಮ್ನಿಯಲ್ಲಿ ಎಲ್ಲ ಮಕ್ಕಳೂ ಹಿಡಿಯುತ್ತಾರಲ್ಲ" ಎನ್ನುತ್ತಾರೆ. ನಮ್ಮ ಹೆದರಿಕೆಯೂ ಅದೇ! ಎಂಟು ಸೀಟಿನಲ್ಲಿ ಹನ್ನೆರಡು ಮಕ್ಕಳು, ಬ್ಯಾಗು ಡಿಕ್ಕಿಯಲ್ಲಿ, ಕೊಡೆ ಕಿಟಕಿಯ ಹೊರಗೆ. ವ್ಯಾಗನ್ ಆರ್‌ನಲ್ಲಿ ನಾಲ್ಕೇ ಮಕ್ಕಳು ಎಂದಾದರೆ ಎರಡು ಟ್ರಿಪ್ಪು ಹೊಡೆಯಿರಿ. ಎರಡನೆಯ ಟ್ರಿಪ್ಪಿನವರು ತಡವಾಗಿ ಬಂದರೆ ಹಾಜರಿ ಪುಸ್ತಕದ ವಿಷಯ ನಾವು ನೋಡಿಕೊಳ್ಳುತ್ತೇವೆ.