ನಿರ್ವಾಹಕನ ನಿರ್ವಾಹ

ಸರಕಾರಿ ಬಸ್ಸಿನ ಕಂಡಕ್ಟರನಿಗೆ ಕನ್ನಡದಲ್ಲಿ ‘ನಿರ್ವಾಹಕ’ನೆಂಬ ಹೆಸರು ರೂಢಿಯಲ್ಲಿದೆ. ಹಿಡಿದ ಕೆಲಸವನ್ನು ಹೊತ್ತು ಕೊನೆಮುಟ್ಟಿಸುವವನು ಎಂಬುದು ಆ ಶಬ್ದದ ತಿರುಳು. ಶಬ್ದವೇನೋ ಘನವಾದುದು; ಅದನ್ನು ಹೊತ್ತ ಮನುಷ್ಯನ ಪಾಡನ್ನು ಕುರಿತು ನಾವು ಯೋಚಿಸುವುದು ಕಡಿಮೆ. ಚಿಲ್ಲರೆಗಾಗಿ ಆತ ಗದರಿದರೆ, ‘ಇವನಿಗೆ ಸೌಜನ್ಯವೇ ಇಲ್ಲ’ ಎಂದು ತೀರ್ಪುಕೊಟ್ಟು ಇಳಿದುಹೋಗುತ್ತೇವೆ. ಆ ತೀರ್ಪು ನ್ಯಾಯವಾದುದೇ ಎಂಬುದನ್ನು ವಿಚಾರಿಸಬೇಕಾಗಿದೆ.

2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಆರಂಭವಾಯಿತು. ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು. ಕಾಲೇಜಿಗೆ, ಕೂಲಿಗೆ, ತವರಿಗೆ ಹೋಗುವ ದಾರಿ ಇದರಿಂದ ಎಷ್ಟು ಹಗುರವಾಗಿದೆಯೆಂಬುದನ್ನು ಅಧ್ಯಾಪಕನಾದ ನಾನು ಬಲ್ಲೆ. ಆದರೆ ಉಚಿತ ಪ್ರಯಾಣಕ್ಕೂ ಚೀಟಿ ಬೇಕು. ಶೂನ್ಯ ಮೊತ್ತದ ಆ ಚೀಟಿಗಳ ಲೆಕ್ಕದ ಮೇಲೆಯೇ ಸರಕಾರವು ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕು. 2025ರ ಜುಲೈ 14ರಂದು ಇಂಥ ಪ್ರಯಾಣಗಳ ಎಣಿಕೆ 500 ಕೋಟಿ ಮುಟ್ಟಿದ ಸಂಭ್ರಮ ನಡೆಯಿತು. ಚೀಟಿಯ ಬೆಲೆ ಸೊನ್ನೆ, ನಿಜ. ಅದನ್ನು ಕೊಡುವ ಶ್ರಮ ಸೊನ್ನೆಯಲ್ಲ. ಕಿಕ್ಕಿರಿದ ಜನರ ನಡುವೆ ನುಸುಳಿ, ಗುರುತಿನ ಚೀಟಿ ನೋಡಿ, ಇಳಿಯುವ ಊರು ಕೇಳಿ, ಯಂತ್ರವನ್ನೊತ್ತಿ, ಉಳಿದವರ ಚಿಲ್ಲರೆಯ ಬಾಕಿಯನ್ನು ಚೀಟಿಯ ಬೆನ್ನಿಗೆ ಬರೆದುಕೊಟ್ಟು, ಇಷ್ಟನ್ನೂ ಮುಂದಿನ ನಿಲ್ದಾಣ ಬರುವುದರೊಳಗೆ ಆತ ಮುಗಿಸಬೇಕು. ಒಂದು ಚೀಟಿ ತಪ್ಪಿದರೂ ತನಿಖೆಯವರಿಗೆ ಉತ್ತರ ಹೇಳಬೇಕಾದವನು ಅವನೇ.

ದುಡಿಮೆ ಮೈಗೆ ಒಳ್ಳೆಯದಲ್ಲವೇ ಎನ್ನುವವರುಂಟು. ಅದೂ ಸುಳ್ಳಲ್ಲ. ಲಂಡನ್ನಿನ ಬಸ್ ನೌಕರರನ್ನು ಪರೀಕ್ಷಿಸಿ ಜೆರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ದಿನವಿಡೀ ಹತ್ತಿಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗವು ಕುಳಿತೇ ದುಡಿಯುವ ಚಾಲಕರಿಗಿಂತ ಕಡಿಮೆಯಿತ್ತು. ಆದರೆ ಮೈಯ ದಣಿವು ಬೇರೆ, ಮನಸ್ಸಿನ ದಣಿವು ಬೇರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಷೀಲ್ಡ್ 1983ರಲ್ಲಿ ಗಗನಸಖಿಯರನ್ನು ಕುರಿತು ಬರೆದ ಗ್ರಂಥದಲ್ಲಿ, ಮುಖದ ನಗೆಯೂ ಸಂಬಳಕ್ಕಾಗಿ ಮಾಡುವ ಕೆಲಸವೇ ಎಂಬುದನ್ನು ತೋರಿಸಿಕೊಟ್ಟರು. ಭಾವಶ್ರಮವೆಂದು ಅದನ್ನು ಕರೆಯಬಹುದು. ಗಗನಸಖಿಗೆ ಆಸನಗಳಿರುವಷ್ಟೇ ಪ್ರಯಾಣಿಕರು. ನಮ್ಮ ಕಂಡಕ್ಟರನಿಗೆ ಆ ಭಾಗ್ಯವೂ ಇಲ್ಲ. ಬಸ್ಸು ತಡವಾದದ್ದು, ಸೀಟು ಸಾಲದಿರುವುದು, ದರ ಏರಿದ್ದು, ಇವಾವುವೂ ಆತನ ಕೃತ್ಯವಲ್ಲ. ಬೈಗುಳಕ್ಕೆ ಎದುರಾಗುವ ಮುಖ ಮಾತ್ರ ಅವನದು.

ಈ ಬಳಲಿಕೆಯನ್ನು ವ್ಯಕ್ತಿಯ ದೌರ್ಬಲ್ಯವೆಂದು ತಳ್ಳಿಹಾಕುವುದು ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ಕೆಲಸದ ಸ್ಥಳದಲ್ಲಿ ಬಹುಕಾಲ ಪರಿಹಾರ ಕಾಣದ ಒತ್ತಡದ ಫಲವೇ ಇದೆಂದು ನಿರೂಪಿಸಿತು. ರೋಗಗಳ ಸಾಲಿಗೆ ಇದನ್ನು ಸೇರಿಸಲಿಲ್ಲ. ಹಾಗಿರುವಲ್ಲಿ ಚಿಕಿತ್ಸೆ ನಡೆಯಬೇಕಾದದ್ದು ಮೊದಲು ಕೆಲಸದ ಏರ್ಪಾಡಿಗೆ. ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯಿದೆಯೇ ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ವಿರಾಮವಿರಬೇಕೆಂದಿತ್ತು. ಆದರೆ ಸಂದಣಿಯಲ್ಲಿ ಬಸ್ಸು ಸಿಕ್ಕಿಕೊಂಡರೆ ಮೊದಲು ಕರಗುವುದು ಆ ಅರ್ಧ ಗಂಟೆಯೇ. ನೌಕರರಿಗೆ ಯೋಗ ಶಿಬಿರ ನಡೆಸುವುದು ಒಳ್ಳೆಯದೇ. ಆದರೆ ಇಂದಿನ ರಸ್ತೆಗೆ ಹೊಂದುವ ವೇಳಾಪಟ್ಟಿ, ಕೊನೆಯ ನಿಲ್ದಾಣದಲ್ಲಿ ಕುಡಿಯುವ ನೀರು, ಮಹಿಳಾ ನಿರ್ವಾಹಕರಿಗೆ ಶುಚಿಯಾದ ಶೌಚಾಲಯ, ಹಲ್ಲೆಯಾದಾಗ ಬೆನ್ನಿಗೆ ನಿಲ್ಲುವ ಸಂಸ್ಥೆ, ಇವು ಅದಕ್ಕಿಂತ ಮೊದಲು ಬೇಕು.

ಸೌಜನ್ಯವು ಒಬ್ಬನ ಜೇಬಿನಿಂದಲೇ ಸದಾ ಹೊರಡುವ ಚಿಲ್ಲರೆಯಲ್ಲ. ಸಂಸ್ಥೆಯೂ ಪ್ರಯಾಣಿಕರೂ ತಮ್ಮ ಪಾಲನ್ನು ಕೊಟ್ಟಾಗಲೇ ಅದು ಬಸ್ಸಿನಲ್ಲಿ ಚಲಾವಣೆಗೆ ಬರುತ್ತದೆ. ದಿಕ್ಕುಗಾಣದ ಹೊತ್ತಿನಲ್ಲಿ ‘ಬೇರೆ ನಿರ್ವಾಹವಿಲ್ಲ’ ಎನ್ನುವುದು ನಮ್ಮ ಮಾತಿನ ರೂಢಿ. ನಾವೇ ನಿರ್ವಾಹಕನೆಂದು ಕರೆದವನ ಬಾಯಲ್ಲಿ ದಿನವೂ ಆ ಮಾತು ಬರುವಂತಾದರೆ, ಅದು ಅವನ ಕೊರತೆಯಲ್ಲ.