ಬೆನ್ನಿನ ನೀರು ಅಂದರೆ ಬೆಚ್ಚಬೇಡಿ

‘ಬೆನ್ನಿಂದ ನೀರು ಮಾತ್ರ ತೆಗೆಸ್ಬೇಡಿ, ಮಗುಗೆ ಸೊಂಟ ಬಿದ್ದುಹೋಗುತ್ತೆ!’ ಮೆದುಳು ಜ್ವರದ ಅನುಮಾನದಿಂದ ಮಗುವನ್ನು ಆಸ್ಪತ್ರೆಗೆ ಸೇರಿಸಿದರೆ ಸಾಕು, ನೆಂಟರಿಂದ ಇಂಥ ಫೋನ್ ಬರುತ್ತಲೇ ಇರುತ್ತದೆ. ಅಪ್ಪ ವೈಟ್‌ಫೀಲ್ಡ್ ಆಫೀಸಿನಿಂದ ಟ್ರಾಫಿಕ್ ದಾಟಿ ಬರುವವರೆಗೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅಮ್ಮನಿಗೆ ಧೈರ್ಯವಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ನಲ್ಲಿ, ಅಂದರೆ ಮೆದುಳಿನ ಹೊದಿಕೆಯ ಸೋಂಕಿನಲ್ಲಿ, ಕಳೆದುಕೊಳ್ಳಬಾರದ್ದು ಆ ಎರಡು ಗಂಟೆಯನ್ನೇ.

ಕಾಯಿಲೆ ಅಪರೂಪ, ನಿಜ. ಆದರೆ ನಿನ್ನೆವರೆಗೆ ಆಡಿಕೊಂಡಿದ್ದ ಗಟ್ಟಿಮುಟ್ಟಾದ ಮಗುವಿಗೂ ಬರಬಹುದು. ಮೂಗು, ಗಂಟಲಲ್ಲಿ ಸುಮ್ಮನಿದ್ದ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಒಮ್ಮೊಮ್ಮೆ ರಕ್ತಕ್ಕೆ ಇಳಿದು ಮೆದುಳಿನವರೆಗೆ ಹೋಗುತ್ತದೆ. ಶುರುವಿನಲ್ಲಿ ಬರೀ ಜ್ವರ, ವಾಂತಿ. ‘ವೈರಲ್ ಇರ್ಬೇಕು’ ಅಂತ ಫ್ರಿಜ್ಜಿನಲ್ಲಿ ಉಳಿದ ಆಂಟಿಬಯಾಟಿಕ್ ಸಿರಪ್ ಕುಡಿಸಿಬಿಡುತ್ತೇವೆ. ಅದರಿಂದ ಕಾಯಿಲೆ ಹೋಗುವುದಿಲ್ಲ, ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಬೀಳುವುದೂ ಕಷ್ಟವಾಗುತ್ತದೆ. ಕುಡಿಸಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಕತ್ತು ಬಿಗಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಕೈಕೂಸಿನಲ್ಲಿ ಅದು ಕಾಣದೇ ಇರಬಹುದು. ಜ್ವರದ ಜೊತೆ ಹಾಲು ಬಿಡುವುದು, ಎತ್ತಿಕೊಂಡರೂ ನಿಲ್ಲದ ಕೀರಲು ಅಳು, ಎಬ್ಬಿಸಿದರೂ ಏಳದ ಮಂಪರು, ಉಬ್ಬಿದ ನೆತ್ತಿ, ಫಿಟ್ಸ್... ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ಕೆಂಪು, ನೇರಳೆ ಚುಕ್ಕೆಗಳು ಮೈಮೇಲೆ ಕಂಡರಂತೂ ಹೊರಟೇಬಿಡಿ.

ಇನ್ನು ಆ ಸೂಜಿಯ ವಿಷಯ. ಚುಚ್ಚುವುದು ಬೆನ್ನುಹುರಿ ಮುಗಿದ ಮೇಲೆ, ಸೊಂಟದ ಹತ್ತಿರ, ಎರಡು ಮೂಳೆಗಳ ನಡುವೆ. ಕೆಲವು ಹನಿ ಸಾಕು. ಅದರಲ್ಲಿನ ಸಕ್ಕರೆ, ಪ್ರೋಟೀನ್, ಕಣಗಳ ಲೆಕ್ಕ ಕೆಲವೇ ಗಂಟೆಗಳಲ್ಲಿ ಸಿಗುತ್ತದೆ. ಯಾವ ಔಷಧಿ, ಎಷ್ಟು ದಿನ ಅನ್ನುವುದಕ್ಕೆ ಅದೇ ಆಧಾರ. ಮಗುವಿನ ಸ್ಥಿತಿ ನೋಡಿ ಡಾಕ್ಟರೇ ಅದನ್ನು ಮುಂದಕ್ಕೆ ಹಾಕಿ ಮೊದಲು ಇಂಜೆಕ್ಷನ್ ಶುರುಮಾಡುವುದೂ ಉಂಟು. ಆದರೆ ನಮ್ಮ ಭಯಕ್ಕೆ ಮುಂದಕ್ಕೆ ಹಾಕಬಾರದು. ಕಿವಿ ಕೇಳಿಸದಂತಾಗುವುದು, ಕೈಕಾಲಿನ ಶಕ್ತಿ ಕುಂದುವುದು ಕಾಯಿಲೆಯಿಂದಲೇ. ಹಾಗಾಗಿ ವಾಸಿಯಾದ ಮೇಲೂ ಕಿವಿ ಪರೀಕ್ಷೆ ಮಾಡಿಸಲೇಬೇಕು.

ಹಿಬ್ ಬ್ಯಾಕ್ಟೀರಿಯಾ ತಡೆಯುವ ಪೆಂಟಾವ್ಯಾಲೆಂಟ್ ಲಸಿಕೆ 6, 10, 14ನೇ ವಾರಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನ್ಯುಮೋಕಾಕಸ್ ಲಸಿಕೆಯೂ 2021ರಲ್ಲಿ ದೇಶದ ಎಲ್ಲೆಡೆಗೆ ಬಂತು: 6, 14ನೇ ವಾರ, 9ನೇ ತಿಂಗಳು. ನಿಮ್ಮ ಮಗುವಿಗೆ ಹಾಕಿಸಿರುತ್ತೀರಿ. ಮನೆಗೆಲಸಕ್ಕೆ ಬರುವಾಕೆಯ ಮಗುವಿನ ತಾಯಿ ಕಾರ್ಡನ್ನೂ ಒಮ್ಮೆ ನೋಡಿ. ಪೀಣ್ಯದ ಫ್ಯಾಕ್ಟರಿ ಕೆಲಸಕ್ಕೋ, ಕಟ್ಟಡ ಕೆಲಸಕ್ಕೋ ಊರು ಬಿಟ್ಟು ಬಂದ ಗಡಿಬಿಡಿಯಲ್ಲಿ ಒಂದು ಡೋಸ್ ತಪ್ಪಿರಬಹುದು.

ನಿಮ್ಹಾನ್ಸ್ ಪಕ್ಕದ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಎಲೆಕ್ಟ್ರಾನಿಕ್ ಸಿಟಿಯವರಿಗೆ ಹೊಸೂರು ರಸ್ತೆಯಲ್ಲೇ ಸಿಗುವ ದಾರಿ. ಪೀಣ್ಯ, ವೈಟ್‌ಫೀಲ್ಡ್‌ನವರಿಗೆ ದೂರವೇ. ರಾತ್ರಿಯೂ ಮಕ್ಕಳ ಡಾಕ್ಟರ್ ಇರುವ ಆಸ್ಪತ್ರೆ ನಿಮ್ಮ ಹತ್ತಿರ ಯಾವುದಿದೆ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಸಹಿ ಹಾಕೋ ವಿಷಯ ಯಜಮಾನರ ಹತ್ತಿರ ಇವತ್ತು ರಾತ್ರಿ ಊಟದ ಹೊತ್ತಿಗೇ ಮಾತಾಡಿಬಿಡಿ.