ಐದು ಸ್ಟಾರ್ ಯಾರಿಗೆ?

ಕಸ್ಟಮರ್ ಕೇರ್ ಜತೆ ಮಾತು ಮುಗಿದ ಕೂಡಲೇ ‘ರೇಟಿಂಗ್ ಕೊಡಿ’ ಎಂಬ ಮೆಸೇಜ್ ಬರುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ಸಿಗ್ನಲ್ ಸಿಗುವುದು ಟೆರೇಸ್ ಮೇಲೆ ಮಾತ್ರ. ಪ್ಲೇಸ್‌ಮೆಂಟ್ ಕರೆಗೂ ಅಲ್ಲಿಗೇ ಓಡಬೇಕು. ಆದರೂ ನಾನು ಒತ್ತುವುದು ಐದು ಸ್ಟಾರ್. ಒಂದೇ ಕೊಟ್ಟರೆ ಏಟು ಬೀಳುವುದು ಟವರ್‌ಗಲ್ಲ, ಸೌಜನ್ಯದಿಂದ ಮಾತಾಡಿದ ಉದ್ಯೋಗಿಯ ಇನ್ಸೆಂಟಿವ್‌ಗೆ ಎನ್ನುತ್ತಾರೆ ಕಾಲ್‌ಸೆಂಟರ್‌ನಲ್ಲಿರುವ ನಮ್ಮ ಸೀನಿಯರ್. (ನಾಳೆ ಆ ಕುರ್ಚಿಯಲ್ಲಿ ನಾವೇ ಇರಬಹುದು!) ಇಂಥ ಸ್ಟಾರ್‌ಗಳನ್ನು ಕೂಡಿಸಿ ‘ಗ್ರಾಹಕರು ತೃಪ್ತರು’ ಎಂದರೆ ನಂಬುವುದು ಹೇಗೆ? ಟ್ರಾಯ್‌ನ ಮೈಕಾಲ್ ಆ್ಯಪ್ ವಾಸಿ, ಅದು ಕರೆಯ ಗುಣಮಟ್ಟಕ್ಕೇ ಅಂಕ ಕೇಳುತ್ತದೆ.

ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದೆಲ್ಲೆಡೆ ಇದೆ. ಪಕ್ಕದ ರೂಮಿನವನ ಸಿಮ್ ತಂದು ನಮ್ಮ ಕೋಣೆಯಲ್ಲಿ ಹಾಕಿ ನೋಡಿದೆ, ಮೂರು ಕಡ್ಡಿ ಬಂತು. ರಿಚಾರ್ಜ್ ಮುಗಿಯುವ ಮುನ್ನ 1900ಕ್ಕೆ ಪೋರ್ಟ್ ಮೆಸೇಜ್ ಕಳಿಸುತ್ತಿದ್ದೇನೆ.